ಡ್ಯಾಶ್‌ಬೋರ್ಡ್ ಬಿರುಕು

ಡ್ಯಾಶ್‌ಬೋರ್ಡ್ ಬಿರುಕು: ಕಾರಿನ ಮುಂಗಾಜಿನ ಕೆಳಗಿರುವ ಪ್ಲಾಸ್ಟಿಕ್ ಫಲಕವು ಬಿಸಿಲು, ಶಾಖ ಮತ್ತು ವಯಸ್ಸಿನಿಂದ ಸೀಳುವ ದೋಷ. ಕುದುರೆಗಾಡಿಯಲ್ಲಿ ಗೊರಸಿನಿಂದ ಸಿಡಿಯುವ ಕೆಸರನ್ನು ತಡೆಯುತ್ತಿದ್ದ ಹಲಗೆಯಿಂದ ಈ ಭಾಗಕ್ಕೆ ಹೆಸರು ಬಂದಿದೆ.

ಹಲವು ಕಾರುಗಳಲ್ಲಿ ಫಲಕದ ಮೇಲ್ಪದರ ಪಿವಿಸಿ, ಒಳಗೆ ಪಾಲಿಯುರಿಥೇನ್ ನೊರೆ. ಅಗ್ಗದ ಮಾದರಿಗಳಲ್ಲಿ ಗಟ್ಟಿ ಪಾಲಿಪ್ರೊಪಿಲೀನ್ ಅಥವಾ ಎಬಿಎಸ್ ಪ್ಲಾಸ್ಟಿಕ್. ಪಿವಿಸಿಯನ್ನು ಮೃದುವಾಗಿಡುವ ಎಣ್ಣೆಯಂಥ ರಾಸಾಯನಿಕಗಳು ಶಾಖಕ್ಕೆ ನಿಧಾನವಾಗಿ ಆವಿಯಾಗುತ್ತವೆ. ಮುಂಗಾಜಿನ ಒಳಬದಿಗೆ ಕೂರುವ ಮಬ್ಬಿಗೆ ಇದೂ ಒಂದು ಕಾರಣ. ಹೀಗೆ ಬಿರುಸಾದ ಪದರ ಹಗಲಿನಲ್ಲಿ ಹಿಗ್ಗಿ ರಾತ್ರಿ ಕುಗ್ಗುತ್ತ, ಕೊನೆಗೆ ಗಾಳಿಕಿಂಡಿ, ಸ್ಕ್ರೂ ರಂಧ್ರಗಳಂಥ ದುರ್ಬಲ ಅಂಚುಗಳಲ್ಲಿ ಸೀಳುತ್ತದೆ. ನೇರಳಾತೀತ ಕಿರಣಗಳು ಪಾಲಿಮರ್ ಸರಪಳಿಯನ್ನೇ ತುಂಡರಿಸುತ್ತವೆ. ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಹೆಚ್ಚು ಕಾಯಬಲ್ಲದು.

ದುರಸ್ತಿಯಲ್ಲಿ ಮೊದಲು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಜಿಡ್ಡು ತೆಗೆದು, ಬಿರುಕಿನ ತುದಿಗಳಲ್ಲಿ ಸಣ್ಣ ರಂಧ್ರ ಕೊರೆದು ಅದು ಮುಂದುವರಿಯದಂತೆ ತಡೆಯಲಾಗುತ್ತದೆ. ನಂತರ ಸೀಳನ್ನು ಇಳಿಜಾರಾಗಿ ಕೆತ್ತಿ, ಬಾಗುವ ಗುಣದ ಎಪಾಕ್ಸಿ ತುಂಬಿ, ಉಜ್ಜುಕಾಗದದಿಂದ ಸಮಮಾಡಿ ವಿನೈಲ್ ಬಣ್ಣ ಹಚ್ಚುತ್ತಾರೆ. ಎಬಿಎಸ್ ಅಸಿಟೋನಿನಲ್ಲಿ ಕರಗುವುದರಿಂದ ಅದೇ ಪ್ಲಾಸ್ಟಿಕ್‌ನ ಚೂರುಗಳನ್ನು ಅದರಲ್ಲಿ ಕರಗಿಸಿದ ಅಂಟಿನಿಂದ ಬೆಸೆಯಬಹುದು. ಪಾಲಿಪ್ರೊಪಿಲೀನ್‌ಗೆ ಸಾಮಾನ್ಯ ಅಂಟು ಹಿಡಿಯದು, ಬಿಸಿಗಾಳಿಯ ಬೆಸುಗೆ ಬೇಕು. ಫಲಕದ ಮೇಲೆ ಮೊದಲಿದ್ದ ಚರ್ಮದಂಥ ಗೆರೆಗಳ ವಿನ್ಯಾಸವನ್ನು ಮರಳಿ ಮೂಡಿಸುವುದೇ ಈ ಕೆಲಸದ ಕಠಿಣ ಭಾಗ. ಸೀಳು ಹೆಚ್ಚಿದ್ದರೆ ಮೇಲುಹೊದಿಕೆ ಅಥವಾ ಹೊಸ ಫಲಕವೇ ಲೇಸು.

ತಡೆಗೆ ನೆರಳು, ಗಾಜಿನ ಹಿಂದಿನ ಪ್ರತಿಫಲಕ ಪರದೆ ಮತ್ತು ನೀರು ಆಧಾರಿತ ನೇರಳಾತೀತ ರಕ್ಷಕ ಲೇಪ ಬಳಕೆಯಲ್ಲಿವೆ. ಭಾರತದ ನಿಯಮದಂತೆ ಮುಂಗಾಜು ಕನಿಷ್ಠ 70%, ಪಕ್ಕದ ಗಾಜು 50% ಬೆಳಕು ಹಾಯಿಸಬೇಕಾದ್ದರಿಂದ ಕಡುಗಪ್ಪು ಫಿಲ್ಮ್‌ಗೆ ಅವಕಾಶವಿಲ್ಲ. ದುರಸ್ತಿಯ ವೇಳೆ ಪ್ರಯಾಣಿಕರ ಬದಿಯ ಏರ್‌ಬ್ಯಾಗ್ ಮುಚ್ಚಳದ ಸೀಳುಗೆರೆಯನ್ನು ಅಂಟಿನಿಂದಾಗಲಿ ಹೊದಿಕೆಯಿಂದಾಗಲಿ ಮುಚ್ಚಿದರೆ ಚೀಲ ಸರಿಯಾಗಿ ತೆರೆಯದಿರಬಹುದು.