ಆಸ್ಪತ್ರೆ ಬಾಕಿ: ವಸೂಲಿಯವರು ಬರುವುದು ಎಲ್ಲಿಂದ?

ಅಮೆರಿಕದಲ್ಲಿ ಕಟ್ಟದೆ ಉಳಿದ ಆಸ್ಪತ್ರೆ ಬಿಲ್ಲು ವಸೂಲಿ ಏಜೆನ್ಸಿಯ ಕೈ ಸೇರುತ್ತದೆ. ಕೆಲವೊಮ್ಮೆ ಏಜೆನ್ಸಿಯೇ ಆ ಬಾಕಿಯನ್ನು ಅಗ್ಗಕ್ಕೆ ಕೊಂಡುಬಿಡುತ್ತದೆ. ಆದರೆ ಪುಣೆಯ ಕೋಥರೂಡದಂಥ ಕಡೆ ರೋಗಿ ಮನೆಗೆ ಹೊರಡುವ ಮೊದಲೇ ದುಡ್ಡು ಹೊಂದಿಸಬೇಕು. ದಾಖಲಾಗುವಾಗ ಡಿಪಾಜಿಟ್, ನಡುವೆ ಮತ್ತಷ್ಟು, ಡಿಸ್ಚಾರ್ಜ್ ದಿನ ಉಳಿದದ್ದು. ಏಜೆಂಟರ ಫೋನು ಸಾಮಾನ್ಯವಾಗಿ ಶುರುವಾಗುವುದು ಬಿಲ್ಲಿಗಾಗಿ ಮಾಡಿದ ಸಾಲದ ಕಂತು ತಪ್ಪಿದಾಗ.

ಡಿಪಾಜಿಟ್

2025ರಲ್ಲಿ ಕೋಥರೂಡದ ಪಕ್ಕದ ಎರಂಡವಣೆಯಲ್ಲಿರುವ ದೀನಾನಾಥ ಮಂಗೇಶಕರ ಆಸ್ಪತ್ರೆ ಗರ್ಭಿಣಿಯೊಬ್ಬರ ಮನೆಯವರಿಗೆ 10 ಲಕ್ಷ ರೂಪಾಯಿ ಮುಂಗಡ ಕೇಳಿತೆಂಬ ಆರೋಪ ಎದ್ದಿತು. ಆಕೆ ಬೇರೆ ಆಸ್ಪತ್ರೆಯಲ್ಲಿ ಅವಳಿ ಮಕ್ಕಳನ್ನು ಹೆತ್ತು ತೀರಿಕೊಂಡಿದ್ದರು. ಸರ್ಕಾರ ತನಿಖೆ ನಡೆಸಿತು. ತುರ್ತು ರೋಗಿಗಳಿಂದ ಇನ್ನು ಡಿಪಾಜಿಟ್ ಪಡೆಯುವುದಿಲ್ಲವೆಂದು ಆಸ್ಪತ್ರೆ ಘೋಷಿಸಿತು.

ಮಹಾರಾಷ್ಟ್ರದ ಸಾರ್ವಜನಿಕ ನ್ಯಾಸ ಕಾಯ್ದೆಯ 41ಎಎ ಕಲಮಿನಡಿ ಬಾಂಬೆ ಹೈಕೋರ್ಟ್ 2006ರಲ್ಲೇ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿತ್ತು. ಅದರಂತೆ ಧರ್ಮಾದಾಯ (ಚಾರಿಟಬಲ್) ಆಸ್ಪತ್ರೆಗಳು ಶೇ. 10 ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿ, ಇನ್ನು ಶೇ. 10 ಹಾಸಿಗೆಗಳನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಕೊಡಬೇಕು; ಒಟ್ಟು ಬಿಲ್ಲಿಂಗಿನ ಶೇ. 2ರಷ್ಟನ್ನು ಬಡರೋಗಿಗಳ ನಿಧಿಗೆ ಎತ್ತಿಡಬೇಕು. ಆ ರೋಗಿಗಳಿಂದ ಡಿಪಾಜಿಟ್ ಕೇಳುವಂತಿಲ್ಲ. ಊರು ಬಿಟ್ಟು ಬಂದ ಎಷ್ಟೋ ಕನ್ನಡ ಕುಟುಂಬಗಳಿಗೆ ಇದರ ಸುಳಿವೇ ಇರುವುದಿಲ್ಲ, ಅದೇ ಸಂಕಟ. ರೇಷನ್ ಕಾರ್ಡು ಅಥವಾ ತಹಶೀಲ್ದಾರರ ಆದಾಯ ಪತ್ರ ಹಿಡಿದು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಮೊದಲ ದಿನವೇ ಕಾಣಬೇಕು. ಅಲ್ಲಿ ಕೆಲಸವಾಗದಿದ್ದರೆ ಧರ್ಮಾದಾಯ ಆಯುಕ್ತರ ಕಚೇರಿಗೆ ದೂರು ಕೊಡಬಹುದು.

ತಡೆದಿಟ್ಟುಕೊಳ್ಳುವುದು

ಬಾಕಿಗಾಗಿ ರೋಗಿಯನ್ನು ಕೂಡಿಹಾಕುವುದು ಕಾನೂನುಬಾಹಿರ. ಶವವನ್ನೂ ತಡೆಯುವಂತಿಲ್ಲ; ಮಹಾರಾಷ್ಟ್ರದ ನರ್ಸಿಂಗ್ ಹೋಮ್ ನಿಯಮಗಳಿಗೆ 2021ರಲ್ಲಿ, ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಗಳು ಇದನ್ನು ಹೇಳುತ್ತವೆ. ಹಾಗೆಂದು ಬಾಕಿ ಮನ್ನಾ ಆಗದು. ಆಸ್ಪತ್ರೆ ವಕೀಲರ ನೋಟಿಸು ಕಳಿಸಬಹುದು, ಸಾಮಾನ್ಯವಾಗಿ 3 ವರ್ಷದೊಳಗೆ ಸಿವಿಲ್ ದಾವೆ ಹೂಡಬಹುದು. ಅಂಥ ಹಣ ವಸೂಲಿ ಮಾಡಿಕೊಡುವುದು ಪೊಲೀಸರ ಕೆಲಸವಲ್ಲ.

ಎಚ್ಚರ ಬೇಕಾದದ್ದು ಚೆಕ್ಕಿನಲ್ಲಿ. ಮುಂದಿನ ತಾರೀಖಿನ ಚೆಕ್ ಕೊಟ್ಟು ಅದು ಬೌನ್ಸಾಗಿ, ನೋಟಿಸು ತಲುಪಿದ 15 ದಿನಗಳಲ್ಲಿ ಹಣ ಕಟ್ಟದಿದ್ದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಕ್ರಿಮಿನಲ್ ಮೊಕದ್ದಮೆ ಹೂಡಬಹುದು. ಎರಡು ವರ್ಷದವರೆಗೆ ಜೈಲಾಗಬಹುದು. ಖಾತೆಯಲ್ಲಿ ಹಣವಿಲ್ಲದೆ, ಗಾಬರಿಯಲ್ಲಿ ಚೆಕ್ಕಿಗೆ ಸಹಿ ಹಾಕಬೇಡಿ. ಅದರ ಬದಲು ಐಟಂವಾರು ಬಿಲ್ಲು ಕೇಳಿ ಪಡೆದು, ಕಂತಿನ ಒಪ್ಪಂದವನ್ನು ಬರಹದಲ್ಲಿ ಮಾಡಿಕೊಳ್ಳುವುದು ಲೇಸು.

ಸಾಲದ ಏಜೆಂಟರು

ಪರ್ಸನಲ್ ಲೋನ್, ಕ್ರೆಡಿಟ್ ಕಾರ್ಡ್ ಅಥವಾ ಆ್ಯಪ್ ಸಾಲದಿಂದ ಬಿಲ್ಲು ಕಟ್ಟಿದರೆ ಆಸ್ಪತ್ರೆಯ ಲೆಕ್ಕ ಮುಗಿಯಿತು, ಬ್ಯಾಂಕಿನದು ಶುರು. ರಿಸರ್ವ್ ಬ್ಯಾಂಕ್ 2022ರ ಆಗಸ್ಟಿನಲ್ಲಿ ಹೊರಡಿಸಿದ ಸುತ್ತೋಲೆಯಂತೆ ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡಕೂಡದು. ಬೆದರಿಸುವುದು, ನಾಲ್ಕು ಜನರೆದುರು ಮಾನ ಕಳೆಯುವುದು, ಬಂಧುಮಿತ್ರರನ್ನು ಕಾಡುವುದು ಎಲ್ಲವೂ ನಿಷಿದ್ಧ. ಸಾಲದ ಆ್ಯಪ್‌ಗಳು ಮೊಬೈಲಿನ ಕಾಂಟ್ಯಾಕ್ಟ್ ಪಟ್ಟಿಗೆ ಕೈಹಾಕುವಂತಿಲ್ಲ.

ಏಜೆಂಟನ ತಪ್ಪಿಗೆ ಸಾಲ ಕೊಟ್ಟ ಸಂಸ್ಥೆಯೇ ಹೊಣೆ. ಕರೆಗಳ ದಾಖಲೆ, ಸಂದೇಶಗಳನ್ನು ಉಳಿಸಿಕೊಂಡು ಮೊದಲು ಅದಕ್ಕೇ ಬರೆದು ದೂರು ಕೊಡಿ. 30 ದಿನಗಳಲ್ಲಿ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.