ಒಂದು ಬ್ಯಾಕ್‌ಸ್ಲ್ಯಾಷ್ ಮಾಡಿದ ಅವಾಂತರ

ಕಳೆದ ತಿಂಗಳು ಆಫೀಸಿನಲ್ಲಿ ಒಂದು ಎಡವಟ್ಟು ಮಾಡಿಕೊಂಡೆ. ಹಳೇ ಫೈಲುಗಳನ್ನು ಅಳಿಸಿ ಹೊಸದನ್ನು ಹಾಕುವ ಪುಟ್ಟ ಸ್ಕ್ರಿಪ್ಟು ಬರೆದಿದ್ದೆ. ಅದು ಅಳಿಸಬೇಕಾದ್ದನ್ನು ಬಿಟ್ಟು ಸಹೋದ್ಯೋಗಿಯ ಎರಡು ದಿನದ ಕೆಲಸವನ್ನು ಗುಡಿಸಿ ಹಾಕಿತು. ಮುಖ ಸಣ್ಣದು ಮಾಡಿಕೊಂಡು ಕೂತಿದ್ದಾಗ ಟೀಮಿನ ಹಿರಿಯರೊಬ್ಬರು ಕಾಫಿ ಕುಡಿಸಿ, "ಈವ್ ಆನ್‌ಲೈನ್ ಕತೆ ಗೊತ್ತೇನಯ್ಯಾ?" ಅಂದರು. ಗೊತ್ತಿರಲಿಲ್ಲ. ಅದು ನಡೆದದ್ದು 2007ರಲ್ಲಿ, ಆಗ ನಾನಿನ್ನೂ ಪ್ರೈಮರಿ ಶಾಲೆ. ಮನೆಗೆ ಬಂದು ಹುಡುಕಿ ಓದಿದೆ.

ಈವ್ ಆನ್‌ಲೈನ್ ಅನ್ನೋದು ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿರುವ ಸಿಸಿಪಿ ಕಂಪನಿಯ ಬಾಹ್ಯಾಕಾಶದ ಆಟ. ಶುರುವಾದದ್ದು 2003ರ ಮೇ 6ರಂದು. ಚೀನಾದವರನ್ನು ಬಿಟ್ಟರೆ ಉಳಿದ ಆಟಗಾರರೆಲ್ಲ ಟ್ರಾಂಕ್ವಿಲಿಟಿ ಎಂಬ ಒಂದೇ ಸರ್ವರಿನಲ್ಲಿ, ಒಂದೇ ಲೋಕದಲ್ಲಿ ಆಡುತ್ತಿದ್ದರು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಆಟದ ಚಿತ್ರಗಳು ಹಳತಾಗಿ ಕಾಣತೊಡಗಿದವು. ಹಾಗಾಗಿ ಗ್ರಾಫಿಕ್ಸ್ ಎಂಜಿನ್ನನ್ನು ಹೊಸದಾಗಿಸಿ, ಹಡಗುಗಳಿಗೆಲ್ಲ ಹೊಸ ಮಾಡೆಲ್ಲು ಮಾಡಿದರು. ಇದಕ್ಕೆ ಟ್ರಿನಿಟಿ ಅಂತ ಹೆಸರು.

ಆದರೆ ಎಲ್ಲರ ಮನೆಯಲ್ಲೂ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಎಲ್ಲಿರುತ್ತೆ ಹೇಳಿ? ಹೊಸ 'ಪ್ರೀಮಿಯಂ' ರೂಪಕ್ಕೆ ಶೇಡರ್ ಮಾಡೆಲ್ 3.0 ಗೊತ್ತಿರುವ ಕಾರ್ಡು ಬೇಕಿತ್ತು. ಇಲ್ಲದವರಿಗಾಗಿ ಹಳೇ 'ಕ್ಲಾಸಿಕ್' ರೂಪವನ್ನೂ ಉಳಿಸಿಕೊಂಡರು. ಅಂದರೆ ಒಂದೇ ಯುದ್ಧ, ನೋಡುವವರಿಗೆ ಎರಡು ಥರ ಚಿತ್ರ. ಟೆಸ್ಟಿಂಗ್ ಮಾಡುವವರ ಪಾಡು ಕೇಳಬೇಡಿ! ಸಿಂಗ್ಯುಲಾರಿಟಿ ಅಂತ ಅವರದ್ದೊಂದು ಪರೀಕ್ಷೆಯ ಸರ್ವರ್ ಇದೆ. ಆಟಗಾರರೇ ಅಲ್ಲಿಗೆ ಹೋಗಿ ಬಿಡುಗಡೆಗೆ ಮುಂಚೆ ಆಡಿ ತಪ್ಪು ಹುಡುಕಿ ಹೇಳಬಹುದಿತ್ತು. ಗ್ರಾಫಿಕ್ಸ್ ಪರೀಕ್ಷೆ ಅಂದಮೇಲೆ ಕಣ್ಣೆಲ್ಲ ಪರದೆ ಮೇಲೆ. ನೆರಳು ಸರಿ ಬಿತ್ತಾ, ಹಡಗುಗಳು ಗುಂಪುಗಟ್ಟಿದಾಗ ಚಿತ್ರ ತಡವರಿಸುತ್ತಾ, ಯಾವ ಡ್ರೈವರಿನಲ್ಲಿ ಕೈಕೊಡುತ್ತೆ... ಇವೇ.

2007ರ ಡಿಸೆಂಬರ್ 5ರಂದು ಟ್ರಿನಿಟಿ ಬಿಡುಗಡೆಯಾಯಿತು. ಪ್ರೀಮಿಯಂ ಹಾಕಿಕೊಂಡ ಕೆಲವರು ಹೊಸ ಹಡಗು ನೋಡಿ ಖುಷಿಪಟ್ಟು ಕಂಪ್ಯೂಟರ್ ಆಫ್ ಮಾಡಿದರು. ಮತ್ತೆ ಆನ್ ಮಾಡಿದರೆ ವಿಂಡೋಸೇ ಇಲ್ಲ!

ಆಗಿದ್ದು ಇಷ್ಟು. ಆಟದ ಫೋಲ್ಡರಿನಲ್ಲಿ ಬೂಟ್ ಡಾಟ್ ಐಎನ್ಐ ಎಂಬ ಸೆಟ್ಟಿಂಗ್ ಫೈಲ್ ಇತ್ತು. ಪ್ರೀಮಿಯಂಗೆ ಬದಲಾಯಿಸುವ ಇನ್‌ಸ್ಟಾಲರ್ ಅದನ್ನು ಅಳಿಸಬೇಕಿತ್ತು. ಆದರೆ ಹೆಸರಿನ ಮುಂದೆ ಒಂದು ಬ್ಯಾಕ್‌ಸ್ಲ್ಯಾಷ್ ಹೆಚ್ಚಾಗಿ ಕೂತಿತ್ತು. ವಿಂಡೋಸಿಗೆ ಅದರ ಅರ್ಥ 'ಈ ಫೋಲ್ಡರಿನಲ್ಲಿ' ಅಂತಲ್ಲ, 'ಡ್ರೈವಿನ ಬುಡದಲ್ಲಿ' ಅಂತ. ವಿಂಡೋಸ್ ಎಕ್ಸ್‌ಪಿಯ ಸಿ ಡ್ರೈವಿನ ಬುಡದಲ್ಲಿ ಅದೇ ಹೆಸರಿನ ಇನ್ನೊಂದು ಫೈಲ್ ಇರುತ್ತಿತ್ತು. ವಿಂಡೋಸ್ ಯಾವ ಡಿಸ್ಕಿನ ಯಾವ ಭಾಗದಲ್ಲಿದೆ ಅಂತ ಕಂಪ್ಯೂಟರಿಗೆ ಹೇಳುವುದೇ ಅದು.

ಟೆಸ್ಟಿಂಗಲ್ಲಿ ಯಾಕೆ ಸಿಗಲಿಲ್ಲ? ಇಲ್ಲೇ ಇರೋದು ಮಜಾ. ಮೊದಲ ಡಿಸ್ಕಿನ ಮೊದಲ ಭಾಗದಲ್ಲಿ, ಮಾಮೂಲಿ ಫೋಲ್ಡರಿನಲ್ಲೇ ಎಕ್ಸ್‌ಪಿ ಇದ್ದರೆ, ಆ ಫೈಲ್ ಕಾಣೆಯಾದರೂ ಒಂದು ಎಚ್ಚರಿಕೆ ತೋರಿಸಿ ಹೇಗೋ ಶುರುವಾಗಿಬಿಡುತ್ತೆ. ಪೆಟ್ಟು ಬೀಳುವುದು ಡಿಸ್ಕನ್ನು ತಮಗೆ ಬೇಕಾದಂತೆ ಭಾಗ ಮಾಡಿಕೊಂಡವರಿಗೆ. ಅದೂ ತಕ್ಷಣ ಅಲ್ಲ, ಮುಂದಿನ ಸಲ ಕಂಪ್ಯೂಟರ್ ಆನ್ ಮಾಡಿದಾಗ. ಹೊಸ ಚಿತ್ರ ಹೇಗಿದೆ ಅಂತ ನೋಡುತ್ತಿರುವವನು ಆಟ ಮುಚ್ಚಿ ಕಂಪ್ಯೂಟರ್ ಯಾಕೆ ರೀಸ್ಟಾರ್ಟ್ ಮಾಡುತ್ತಾನೆ? ನಾನಾಗಿದ್ದರೂ ಮಾಡುತ್ತಿರಲಿಲ್ಲ.

ಸಿಸಿಪಿಯವರು ಮುಚ್ಚಿಡಲಿಲ್ಲ. ತಪ್ಪು ಎಲ್ಲಾಯಿತು ಅಂತ ವಿವರವಾಗಿ ಬರೆದು ಎಲ್ಲರ ಮುಂದಿಟ್ಟರು. ನನಗೆ ಆಟಕ್ಕಿಂತ ಇದೇ ಹೆಚ್ಚು ಹಿಡಿಸಿತು. ಆಟದ ಫೈಲಿಗೂ ಸ್ಟಾರ್ಟ್ ಡಾಟ್ ಐಎನ್ಐ ಅಂತ ಹೊಸ ನಾಮಕರಣವಾಯಿತು. 2009ರಲ್ಲಿ ಕ್ಲಾಸಿಕ್ ರೂಪವನ್ನೂ ನಿಲ್ಲಿಸಿದರು.

ಅಂದಹಾಗೆ, ನನ್ನ ಸ್ಕ್ರಿಪ್ಟಿನಲ್ಲಿ ಹೆಚ್ಚಾಗಿದ್ದದ್ದು ಬ್ಯಾಕ್‌ಸ್ಲ್ಯಾಷ್ ಅಲ್ಲ, ದಾರಿಯ ನಡುವೆ ಒಂದು ಖಾಲಿ ಜಾಗ. ಸಹೋದ್ಯೋಗಿಗೆ ಒಂದು ಮಸಾಲೆ ದೋಸೆ ಕೊಡಿಸಿದ್ದೇನೆ, ಇನ್ನೊಂದು ಬಾಕಿ ಇದೆಯಂತೆ :-)