ಜಿಯೋಸಿಟೀಸ್ ಬಾಗಿಲು ಹಾಕಿದ ದಿನ

ಹೋದ ವರ್ಷ ನನ್ನ ಪಾಡ್‌ಕಾಸ್ಟ್‌ನ ಮೊದಲ 19 ಕಂತುಗಳು ಮಾಯವಾದವು. ಫ್ರೀ ಅಂತ ಒಂದು ಆ್ಯಪ್‌ನಲ್ಲಿ ಇಟ್ಟಿದ್ದೆ, ಅದು ಮುಚ್ಚಿಹೋಯ್ತು. ಅವರು ಕಳಿಸಿದ್ದ ಮೇಲ್ ನಾನು ನೋಡಿದ್ದು ಎರಡು ತಿಂಗಳ ಮೇಲೆ. ಆಮೇಲೆ ಓದ್ತಾ ಓದ್ತಾ ಗೊತ್ತಾಯ್ತು, ಇದು ಹಿಂದೆ ಒಂದು ಇಡೀ ಊರಿಗೇ ಆಗಿತ್ತು ಅಂತ.

ಆ ಊರಿನ ಹೆಸರು ಜಿಯೋಸಿಟೀಸ್. 1994ರಲ್ಲಿ ಅಮೆರಿಕದಲ್ಲಿ ಶುರುವಾದ ತಾಣ. ಯಾರು ಬೇಕಾದ್ರೂ ದುಡ್ಡು ಕೊಡದೆ ಅಲ್ಲಿ ಸ್ವಂತ ಪುಟ ಕಟ್ಕೋಬಹುದಿತ್ತು. ಪುಟಗಳಿಗೆ ಬಡಾವಣೆಗಳಿದ್ವು: ಸಿನಿಮಾ ಹುಚ್ಚಿನವರಿಗೆ ಹಾಲಿವುಡ್, ಕಂಪ್ಯೂಟರಿನವರಿಗೆ ಸಿಲಿಕಾನ್ ವ್ಯಾಲಿ. 1999ರಲ್ಲಿ ಯಾಹೂ 350 ಕೋಟಿ ಡಾಲರ್‌ಗೂ ಹೆಚ್ಚು ಬೆಲೆಯ ಷೇರು ಕೊಟ್ಟು ಇದನ್ನ ಕೊಂಡಿತು. ಹತ್ತು ವರ್ಷ ಆದ್ಮೇಲೆ, 2009ರ ಅಕ್ಟೋಬರ್ 26ರಂದು, ಬಾಗಿಲು ಹಾಕ್ತು. ಲಕ್ಷಾಂತರ ಜನರ ಬರಹ ಅಲ್ಲೇ ಇತ್ತು.

ಜೇಸನ್ ಸ್ಕಾಟ್ ಮತ್ತು ಆರ್ಕೈವ್ ಟೀಮ್ ಅನ್ನೋ ಸ್ವಯಂಸೇವಕರ ಗುಂಪು ಕೈಗೆ ಸಿಕ್ಕಷ್ಟನ್ನ ಕಾಪಿ ಮಾಡ್ಕೊಂಡ್ರು. ಮರುವರ್ಷ 600 ಜಿಬಿಗೂ ಮಿಕ್ಕಿದ ಒಂದು ಟೊರೆಂಟ್ ಆಗಿ ಹಂಚಿದ್ರು. ಎಲ್ಲವೂ ಉಳೀಲಿಲ್ಲ.

ಈಗ ನಿಮ್ಮ ಬ್ಲಾಗಿಗೆ ಬರೋಣ. ಪಕ್ಕದಲ್ಲಿ 'ಆರ್ಕೈವ್' ಅಂತ ಪಟ್ಟಿ ಇರುತ್ತಲ್ಲ, 2008, ಮಾರ್ಚ್, ಏಳು ಬರಹ ಅಂತ? ಅದನ್ನ ನೋಡಿ ನಾವು ನಿಶ್ಚಿಂತೆಯಿಂದ ಇರ್ತೀವಿ. ಬಿಕಾಂನಲ್ಲಿ ಜರ್ನಲ್ ಎಂಟ್ರಿ ಬರೆದವರಿಗೆ ನೆನಪಿರಬೇಕು, ಮೊದಲ ಕಾಲಂ ದಿನಾಂಕ. ಬ್ಲಾಗೂ ಹಾಗೇ. ಪ್ರತಿ ಪೋಸ್ಟ್ ಡೇಟಾಬೇಸ್‌ನಲ್ಲಿ ಒಂದು ಸಾಲು: ದಿನಾಂಕ, ಶೀರ್ಷಿಕೆ, ಬರಹ. ಆರ್ಕೈವ್ ಪಟ್ಟಿ ಅದೇ ಸಾಲುಗಳನ್ನ ತಿಂಗಳ ಪ್ರಕಾರ ಜೋಡಿಸಿ ತೋರಿಸುತ್ತೆ, ಅಷ್ಟೇ. ಎರಡನೇ ಪ್ರತಿ ಎಲ್ಲೂ ಇಲ್ಲ. ಮೂಲ ಪುಸ್ತಕ ಹೋದ್ರೆ ಪಟ್ಟಿಯೂ ಹೋಯ್ತು.

ನಿಜವಾದ ಎರಡನೇ ಪ್ರತಿ ಇಡೋರು ಬೇರೆ ಇದ್ದಾರೆ. ಬ್ರೂಸ್ಟರ್ ಕಾಲ್ 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಟರ್ನೆಟ್ ಆರ್ಕೈವ್ ಶುರುಮಾಡಿದ್ರು. 2001ರಲ್ಲಿ ಅದರ ವೇಬ್ಯಾಕ್ ಮಷೀನ್ ಎಲ್ಲರಿಗೂ ತೆರೆಯಿತು. ಅದರ ಕ್ರಾಲರ್ ಒಂದು ಲಿಂಕಿನಿಂದ ಇನ್ನೊಂದಕ್ಕೆ ಹೋಗ್ತಾ ಪುಟಗಳ ಪ್ರತಿ ತೆಗೆಯುತ್ತೆ. ವಿಳಾಸದಲ್ಲಿ 14 ಅಂಕಿ ಇರುತ್ತೆ: ವರ್ಷದಿಂದ ಸೆಕೆಂಡಿನವರೆಗೆ. ಯಾರು ಯಾವಾಗ ಏನು ಹೇಳಿದ್ರು ಅನ್ನೋದಕ್ಕೆ ಅದು ಸಾಕ್ಷಿ. ಆದ್ರೆ ಯಾರೂ ಲಿಂಕ್ ಕೊಡದ ಪುಟ ಅದಕ್ಕೆ ಸಿಗದೇ ಹೋಗಬಹುದು.

ಕನ್ನಡದ್ದು ಇನ್ನೊಂದು ಪೇಚು. ಯೂನಿಕೋಡ್ ಬಳಕೆಗೆ ಬರೋ ಮುಂಚೆ ನಮ್ಮವರು ನುಡಿ, ಬರಹ ಥರದ ತಂತ್ರಾಂಶಗಳ ಫಾಂಟಿನಲ್ಲಿ ಬರೀತಿದ್ರು. ಒಳಗೆ ಇರ್ತಿದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತ. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕ್ತಿತ್ತು. ಅಂಥ ಪುಟ ಉಳಿದಿದ್ರೂ, ಇವತ್ತು ನಿಮ್ಮ ಫೋನಲ್ಲಿ ತೆರೆದ್ರೆ ಕಾಣೋದು ಅರ್ಥವಿಲ್ಲದ ಅಕ್ಷರಗಳ ರಾಶಿ. ಪರಿವರ್ತಕಗಳಿವೆ, ಯೂನಿಕೋಡಿಗೆ ತರಬಹುದು. ಆದ್ರೆ ಯಾರಾದ್ರೂ ಕೂತು ಮಾಡಬೇಕು.

ಹಳೇ ಬರಹ ನೋಡಿದ್ರೆ ನಾಚಿಕೆ ಆಗುತ್ತೆ, ಹೋದ್ರೆ ಹೋಗ್ಲಿ ಅಂತೀರಾ? ನನ್ನ ಮೊದಲ ಕಂತುಗಳೂ ಕೆಟ್ಟದಾಗೇ ಇದ್ವು. ಆದ್ರೆ ಒಂದರಲ್ಲಿ ನಮ್ಮಜ್ಜಿ ಹತ್ತು ನಿಮಿಷ ಮಾತಾಡಿದ್ರು. ಅಜ್ಜಿ ಈಗಿಲ್ಲ. ಆ ಧ್ವನಿ ಬೇರೆಲ್ಲೂ ಇಲ್ಲ.

ಸೆಟ್ಟಿಂಗ್ಸ್‌ಗೆ ಹೋದ್ರೆ 'ಎಕ್ಸ್‌ಪೋರ್ಟ್' ಅಥವಾ 'ಬ್ಯಾಕಪ್' ಅಂತ ಒಂದು ಬಟನ್ ಸಿಗಬಹುದು. ಇವತ್ತು ರಾತ್ರಿ ಒತ್ತಿ. ಬಂದ ಫೈಲನ್ನ ಎರಡು ಕಡೆ ಇಡಿ. ಮುಂದಿನ ವಾರ ಸಿಗೋಣ.